ಗುರುಬಸವ್ವನ ಕಟ್ಟೆ

ಗಾಂಧಿ ಚೌಕದಲ್ಲಿ ಆಟೋ ಹತ್ತಿ ನಮ್ಮ ಗಲ್ಲಿಗೆ ಬರುವವರು ಮನೆ ನಂಬರು ಹೇಳಬೇಕಾಗಿರಲಿಲ್ಲ. 'ಗುರುಬಸವ್ವನ ಕಟ್ಟಿ' ಎಂದರೆ ಸಾಕು, ಆಟೋದ ಹುಸೇನಸಾಬ ಕಣ್ಣು ಮುಚ್ಚಿಕೊಂಡು ತಂದು ಇಳಿಸುತ್ತಿದ್ದ.

ಗುರುಬಸವ್ವ ಸಾರವಾಡದ ಮಗಳು. ಮಕ್ಕಳಾಗಲಿಲ್ಲ, ಗಂಡ ಬೇಗ ಹೋದ. ರೊಟ್ಟಿ ಬಡಿದು ಮಾರಿ ಬದುಕಿದಳು. ಮನೆ ಮುಂದೆ ಚಜ್ಜದ ನೆರಳಿನಲ್ಲಿ ಕರಿಕಲ್ಲಿನ ಉದ್ದನೆಯ ಕಟ್ಟೆ. ಎಂಥ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಊಟ ಮುಗಿದ ಮೇಲೆ ಗಲ್ಲಿಯ ಹೆಂಗಸರೆಲ್ಲ ಅಲ್ಲಿಯೇ. ಜೋಳ ಹಸನು ಮಾಡುವುದು, ಮೆಂತ್ಯ ಪಲ್ಯ ಬಿಡಿಸುವುದು, ಯಾರ ಸೊಸೆ ಯಾರಿಗೆ ಎದುರಾಡಿದಳು ಎಂಬುದರ ವಿಚಾರಣೆ. ತೀರ್ಪು ಮಾತ್ರ ಗುರುಬಸವ್ವನದು. ಮೂಲೆಯ ಕಲ್ಲಿನ ಮೇಲೆ ಅವಳು ಬೆಳ್ಳುಳ್ಳಿ ಜಜ್ಜಿ ಜಜ್ಜಿ ಅಲ್ಲೊಂದು ಕುಳಿಯೇ ಬಿದ್ದಿತ್ತು.

ಹೊಟ್ಟೆಕಿಚ್ಚಿನ ಹೆಂಗಸು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೆರೆಮನೆಯ ಸುರೈಯಾಳ ಮೊಮ್ಮಗಳು ಬೇರೆಯವರ ತೊಡೆ ಏರಿದರೂ ಅವಳ ಮುಖ ಸಣ್ಣದಾಗುತ್ತಿತ್ತು. ಗಲ್ಲಿಯೇ ಅವಳ ಸಂಸಾರ, ಅದರಲ್ಲಿ ಪಾಲು ಕೊಡುವುದು ಅವಳಿಗೆ ಗೊತ್ತಿರಲಿಲ್ಲ.

ಹಿಂದೊಮ್ಮೆ ಗಟಾರದ ಕೆಲಸಕ್ಕೆಂದು ಪಾಲಿಕೆಯವರು ಜೆಸಿಬಿ ತಂದರು. ರಸ್ತೆಗೆ ಬಂದದ್ದನ್ನೆಲ್ಲ ಕಿತ್ತರು. ನಮ್ಮ ಮನೆಯ ಮೆಟ್ಟಿಲು ಹೋಯಿತು, ಪಕ್ಕದ ಮನೆಯ ರೇಣವ್ವನ ನೀರಿನ ತೊಟ್ಟಿ ಹೋಯಿತು. ಗುರುಬಸವ್ವ ಕಟ್ಟೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು.

"ಮೊದಲ ನನ್ನ ಹೆಣಾ ಎತ್ತರಿ, ಆಮ್ಯಾಲ ಕಲ್ಲು ಎತ್ತರಿ."

ವಾರ್ಡಿನ ಮೆಂಬರ್ ಸಿದ್ದರಾಯ ಬಂದು ಕೈಮುಗಿದರೂ ಏಳಲಿಲ್ಲ. ಚುನಾವಣೆ ಹತ್ತಿರವಿತ್ತು. ಕೊನೆಗೆ ಗಟಾರವೇ ಕಟ್ಟೆಯ ಕೆಳಗೆ ತೂರಿಕೊಂಡು ಹೋಯಿತು. ಅವತ್ತು ಅವಳ ಗತ್ತು ನೋಡಬೇಕಿತ್ತು.

ಆಮೇಲೆ ಗಲ್ಲಿಯ ರೂಪವೇ ಬದಲಾಯಿತು. ಎದುರಿನ ಶಿವಯೋಗೆಪ್ಪ ಮಣ್ಣಿನ ಮಾಳಿಗೆ ಮನೆ ಕೆಡವಿ ಮೂರು ಅಂತಸ್ತು ಎಬ್ಬಿಸಿದ. ಕೆಳಗೆ ಗಾಜಿನ ಬಾಗಿಲಿನ ಕೆಫೆ, ನೋಡಿಕೊಳ್ಳುವವಳು ಕಳ್ಳಕವಟಗಿಯಿಂದ ಬಂದ ಸೊಸೆ ಕಾವ್ಯಾ. ಉದ್ಘಾಟನೆಗೆ ಬಂದ ಸಿದ್ದರಾಯ ಕೆಫೆಯ ಮುಂದಿನ ಬೇವಿನ ಮರದ ಕೆಳಗೆ ಒಂದು ಸ್ಟೀಲ್ ಬೆಂಚು ಹಾಕಿಸಿದ, ಒರಗಿನ ಮೇಲೆ ತನ್ನ ಹೆಸರು ಬರೆಸಿ.

ನನಗೆ ಬೆನ್ನುನೋವು, ಬೆಂಚಿಗೆ ಒರಗು ಇತ್ತು, ಹೋಗಿ ಕೂತೆ. ಅದರಲ್ಲಿ ತಪ್ಪೇನಿದೆ? ರೇಣವ್ವ, ಸುರೈಯಾ ನನ್ನ ಹಿಂದೆ ಬಂದರು. ಕಾವ್ಯಾ ಮನೆಯ ಚಹಾ ತಂದುಕೊಟ್ಟಳು. ಆ ಬೆಂಚಿನಲ್ಲಿ ಹಿಡಿಸುತ್ತಿದ್ದದ್ದೇ ಮೂವರು. ಉಳಿದವರೆಲ್ಲ ಕಟ್ಟೆಯ ಮೇಲೇ ಇದ್ದರು. ಆದರೆ ಗುರುಬಸವ್ವನಿಗೆ ಕಂಡದ್ದು ನಾವು ಮೂವರೇ.

"ಏನ್ಬೇ, ಕಬ್ಬಿಣದ ಮ್ಯಾಲ ಕುಂತ್ರ ಸಾವ್ಕಾರ್ತೇರು ಆಗ್ತೀರೇನು?" ಅಲ್ಲಿಂದಲೇ ಕೂಗಿದಳು.

"ಬೆನ್ನಿಗೆ ಆಸರಾ ಐತಿ ಅಕ್ಕಾ," ಎಂದೆ.

"ಇಷ್ಟ ವರ್ಸ ನಾ ಆಸರಾ ಇರಲಿಲ್ಲೇನು?"

ಆ ವಾರ ಅವಳ ರೊಟ್ಟಿ ಹೊತ್ತಿದ್ದವು. ಹಂಚಿನ ಮೇಲೆ ರೊಟ್ಟಿ ಹಾಕಿ ಬಾಗಿಲಿಗೆ ಬಂದು ಎದುರಿಗೆ ನೋಡುತ್ತ ನಿಲ್ಲುತ್ತಿದ್ದಳು. ಕಾವ್ಯಾ ನಕ್ಕರೆ ಇವಳಿಗೆ ಉರಿ, ನಾವು ನಕ್ಕರೆ ಇನ್ನೂ ಉರಿ. ಕಡೆಗೆ ನನ್ನನ್ನು ಎಳೆದುಕೊಂಡು ಸಿದ್ದರಾಯನ ಮನೆಗೆ ಹೋದಳು.

"ನನಗೂ ಬೆಂಚು ಬೇಕು. ಆಕಿದಕ್ಕಿಂತ ದೊಡ್ಡದು."

"ಹಾಕ್ಸೂಣ್ರಿ ಕಾಕೂ. ಆದ್ರ ಕಟ್ಟಿ ಇಟ್ಕೊಂಡು ಬೆಂಚು ಎಲ್ಲಿ ಇಡೂದ್ರಿ?"

ನಾನು ಅವಳ ಸೆರಗು ಜಗ್ಗಿದೆ. "ಅಕ್ಕಾ, ಒಂದೀಟು ವಿಚಾರ ಮಾಡ್ರಿ."

"ನೀ ಸುಮ್ಕಿರು. ನೀ ಬೆಂಚಿನಾಕಿ," ಎಂದು ನನ್ನ ಬಾಯಿ ಮುಚ್ಚಿಸಿ, ಸಿದ್ದರಾಯನಿಗೆ, "ಕಟ್ಟಿ ತಗೀರಿ," ಎಂದಳು.

ಮರುದಿನವೇ ಜೆಸಿಬಿ ಬಂತು. ಸಿದ್ದರಾಯನಿಗೆ ಅಷ್ಟೇ ಬೇಕಿತ್ತು. ಹೆಣ ಎತ್ತಿ ಎಂದವಳು ಈ ಸಲ ಬಾಗಿಲಲ್ಲಿ ನಿಂತು, "ಆ ಮೂಲಿ ಉಳದೈತಿ ನೋಡ್ರಿ," ಎಂದು ತೋರಿಸಿಕೊಟ್ಟಳು.

ಬೆಂಚು ಬಂತು. ನಿಜಕ್ಕೂ ದೊಡ್ಡದು. ಆದರೆ ಮೆಂಬರನ ಹೆಸರು ರಸ್ತೆಗೆ ಕಾಣಬೇಕಲ್ಲ, ಅದಕ್ಕೆ ಗಟಾರದ ಆಚೆ ಅಂಚಿಗೆ ನೆಟ್ಟರು. ಚಜ್ಜದ ನೆರಳು ಅಲ್ಲಿಯವರೆಗೆ ಬರುವುದಿಲ್ಲ. ವಿಜಯಪುರದ ಏಪ್ರಿಲ್ ಬಿಸಿಲು, ಸ್ಟೀಲ್ ಬೆಂಚು! ಮರ್ಯಾದೆಗೆಂದು ಕೂತ ನಾನು ಚೀರಿ ಎದ್ದೆ. ಗುರುಬಸವ್ವ ನೀರು ಸುರುವಿದಳು, ಗೋಣಿಚೀಲ ಹಾಸಿದಳು, ಉಪಯೋಗವಾಗಲಿಲ್ಲ. ಒಬ್ಬಳೇ ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದಳು. ಉಳಿದವರೆಲ್ಲ ಬೇವಿನ ಮರದ ಕೆಳಗೆ ಬಂದರು.

ಅಷ್ಟು ಜನಕ್ಕೆ ಅಲ್ಲಿ ಜಾಗವೆಲ್ಲಿತ್ತು ಎಂದು ಕೇಳುತ್ತೀರಿ. ಕಿತ್ತ ಕಲ್ಲುಗಳನ್ನು ಊರ ಹೊರಗೆ ಚೆಲ್ಲಲು ಟ್ರ್ಯಾಕ್ಟರಿಗೆ ಹೇರುತ್ತಿದ್ದಾಗ ಕಾವ್ಯಾ ತಡೆದು, ಮರದ ಸುತ್ತ ಹಾಸಿಸಿಕೊಂಡಿದ್ದಳು.

ಒಂದು ಮಧ್ಯಾಹ್ನ ಗುರುಬಸವ್ವ ತಾನೇ ರಸ್ತೆ ದಾಟಿ ಬಂದಳು. ಯಾರ ಮುಖವನ್ನೂ ನೋಡದೆ ಕಲ್ಲುಗಳನ್ನು ಒಂದೊಂದಾಗಿ ಸವರುತ್ತ ಹೋದಳು. ಬೆಳ್ಳುಳ್ಳಿಯ ಕುಳಿ ಸಿಕ್ಕಿತು. ಅದರ ಪಕ್ಕದಲ್ಲಿ ಕಾವ್ಯಾ ಕೂತಿದ್ದಳು.

"ಸರಿ ಅತ್ತಾಗ. ಇದು ನನ್ನ ಜಾಗಾ."

"ಕುಂದರ್ರಿ ಅತ್ತೀ," ಎಂದು ಕಾವ್ಯಾ ಎದ್ದೇ ನಿಂತಳು, ಒಳಗೆ ಹೋಗಿ ಚಹಾ ತಂದಳು. ಜಗಳಕ್ಕೆ ಸಿದ್ಧಳಾಗಿ ಬಂದವಳಿಗೆ ಅದು ಇನ್ನೂ ಸಂಕಟವಾಯಿತು. ಚಹಾ ಮುಟ್ಟಲಿಲ್ಲ.

ಅಷ್ಟರಲ್ಲಿ ಒಂದು ಆಟೋ ಬಂದು ನಿಂತಿತು. ಹುಸೇನಸಾಬನಲ್ಲ, ಹೊಸಬ. ಹಿಂದಿನ ಸೀಟಿನಲ್ಲಿ ಟಿಕೋಟಾದಿಂದ ಬಂದ ಯಾರದೋ ಮನೆಯ ಬೀಗರು.

"ಆಯೀ, ಕಾವ್ಯಾನ ಕಟ್ಟಿ ಎಲ್ಲಿ ಬರ್ತೈತ್ರಿ?" ಎಂದ ಆಟೋದವ.

ನಾವೆಲ್ಲ ತಲೆ ತಗ್ಗಿಸಿದೆವು. ಗುರುಬಸವ್ವ ಕುಳಿಯ ಮೇಲೆ ಅಂಗೈ ಊರಿಕೊಂಡು ಅವನತ್ತ ತಿರುಗಿದಳು.

"ಇದ ಐತಿ," ಎಂದಳು. "ಇಳಸು ಅವರನ್ನ."