ಬಾಯಿಬಿಟ್ಟು ಕೇಳುವುದು

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಜ್ವರ ಬಂದ ಮಗುವಿಗೆ ನೆಲಬೇವಿನ ಕಷಾಯ ಕಾಯಿಸುತ್ತಿದ್ದರು. ಆ ಕಹಿ ವಾಸನೆ ಗೋಡೆ ದಾಟಿ ಬಂದು ನನ್ನ ನಾಲಿಗೆಯ ಬುಡದಲ್ಲಿ ಕೂತಿತು. ಕಹಿಗೂ ವಾಸನೆ ಇರುತ್ತದೆಯೇ ಎಂದು ನೀವು ಕೇಳಬಹುದು. ನೆಲಬೇವು ಕುದಿಯುವ ಮನೆಯಲ್ಲಿ ಒಂದು ಗಳಿಗೆ ಕೂತು ನೋಡಿ, ಆಮೇಲೆ ಹೇಳಿ. ನನಗಂತೂ ಆ ವಾಸನೆಯ ಹಿಂದೆಯೇ ನಮ್ಮತ್ತೆಯ ದೊಡ್ಡ ಗಂಟಲು ಕಿವಿಗೆ ಬಂತು.

ನಮ್ಮತ್ತೆ ಪುಟ್ಟಮಾದಮ್ಮನವರು ಕೊಳ್ಳೇಗಾಲದ ಹತ್ತಿರದ ಧನಗೆರೆಯ ಮನೆಯ ಹಿತ್ತಿಲಲ್ಲಿ ನಿಂತು ದೇವರ ಹತ್ತಿರ ಮಾತಾಡಿದರೆ ಬೀದಿಯ ಕೊನೆಯವರೆಗೂ ನಮ್ಮ ಮನೆಯ ಸಮಾಚಾರ ತಲುಪುತ್ತಿತ್ತು. ಮಾತು ಎಂದೇ ಹೇಳಬೇಕು, ಪ್ರಾರ್ಥನೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಮಾದಪ್ಪನ ಬೆಟ್ಟದ ದಿಕ್ಕಿಗೆ ತಿರುಗುವರು. "ಅಸೂಗೆ ಕೆಚ್ಚಲು ಬಾವು ಬಂದದೆ. ನೆನ್ನೇನೂ ಯೇಳಿದ್ದೆ, ನೀನು ಕಿವೀಗೆ ಆಕೊಂಡಿಲ್ಲ" ಎಂದು ಶುರುವಾಗುವುದು. ಹಸುವಿನದಾದ ಮೇಲೆ ಹೊಲದ್ದು, ಹೊಲದ್ದಾದ ಮೇಲೆ ಓರಗಿತ್ತಿಯದು. ಓರಗಿತ್ತಿಯ ಹೊಸ ಸೀರೆ ಕಂಡು ತಮಗೆ ಹೊಟ್ಟೆಕಿಚ್ಚಾದದ್ದನ್ನೂ ಬಿಡದೆ ಒಪ್ಪಿಸುವರು. ಆ ಓರಗಿತ್ತಿ ಬೇಲಿಯ ಆಚೆ ಬಟ್ಟೆ ಒಗೆಯುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ನನಗೆ ನಾಚಿಕೆಯಾಗುತ್ತಿತ್ತು. ನಾನು ಯಳಂದೂರಿನವಳು, ಮೇಷ್ಟರ ಮಗಳು. ಆಗ ಯಳಂದೂರು ಮೈಸೂರು ಮಹಾರಾಜರ ಸೀಮೆ, ಕೊಳ್ಳೇಗಾಲ ಮದರಾಸಿನ ಕಡೆಗೆ ಸೇರಿದ್ದು. ಎತ್ತಿನ ಗಾಡಿ ಹೋಗುವಷ್ಟು ದೂರಕ್ಕೇ ರಾಜ್ಯ ಬಿಟ್ಟು ರಾಜ್ಯಕ್ಕೆ ಸೊಸೆಯಾಗಿ ಬಂದವಳೆಂಬ ಹಮ್ಮು ಬೇರೆ. ದೇವರ ಮುಂದೆ ಬೇಡುವುದು ಸಣ್ಣತನ, ಕೊಟ್ಟದ್ದಕ್ಕೆ ಕೈಮುಗಿದು ಸುಮ್ಮನಿರಬೇಕು ಎಂದು ನಮ್ಮಪ್ಪ ಕಲಿಸಿದ್ದರು. ನಮ್ಮ ತವರಿನಲ್ಲಿ ದೇವರು ಶಾಲೆಗೆ ಬರುವ ಇನ್‌ಸ್ಪೆಕ್ಟರರ ಹಾಗೆ. ಬಂದಾಗ ಎದ್ದು ನಿಲ್ಲಬೇಕು, ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕು.

ಒಮ್ಮೆ ಧೈರ್ಯ ಮಾಡಿ, ದೇವರನ್ನು ಹಾಗೆ ಗದರಿಸಬಾರದಂತೆ ಅತ್ತೆ, ಎಂದೆ. ಅವರು ಕೋಪಿಸಿಕೊಳ್ಳಲಿಲ್ಲ. "ಕೂಸು ಅತ್ರೆ, ಇದ್ಕೆ ಮರ್ವಾದೆ ಇಲ್ಲ ಅಂತ ತಾಯಿ ಆಲು ಕೊಡದಂಗಿರ್ತಾಳಾ ಮಗ?" ಎಂದು ಕೇಳಿ ಸಗಣಿ ಬಾಚಲು ಹೋದರು.

ನನಗೆ ಇನ್ನೊಂದು ತೊಡಕೂ ಇತ್ತು. ನಮ್ಮ ಯಜಮಾನರ ಹೆಸರು ಮಾದೇವ. ಗಂಡನ ಹೆಸರು ಹೇಳಬಾರದೆಂಬ ಕಾಲ. ಹಾಗಾಗಿ ಮದುವೆಯಾದಂದಿನಿಂದ ದೇವರ ಹೆಸರೂ ನನ್ನ ಬಾಯಿಂದ ತಪ್ಪಿಹೋಗಿತ್ತು. ಮಾದಪ್ಪನನ್ನು ಊರಿಗೆ ಊರೇ ಮಾದೇವಾ ಎಂದು ಕೂಗುವಾಗ ನಾನು ಮಾತ್ರ ಬೆಟ್ಟದ ಸ್ವಾಮಿ ಎಂದು ಗೊಣಗುತ್ತಿದ್ದೆ. ಅವನಿಗೆ ಗುರುತು ಹತ್ತುತ್ತಿತ್ತೋ ಇಲ್ಲವೋ.

ಮದುವೆಯಾದ ಎರಡನೆಯ ವರ್ಷ ಇವರು ಹುಣಸೆಹಣ್ಣು ಕೊಂಡು ತರಲು ಕಾಡಂಚಿನ ಮಾರ್ಟಳ್ಳಿಯ ಕಡೆಗೆ ಗಾಡಿ ಕಟ್ಟಿಕೊಂಡು ಹೋದರು. ಜೊತೆಗೆ ಹೋದ ಗಾಡಿಗಳು ಹಿಂದಿರುಗಿದವು, ಇವರು ಬರಲಿಲ್ಲ. ಕಾಡಿನ ಚಳಿಜ್ವರ ಹಿಡಿದು ಮೇಲೇಳಲಾರದೆ ಬಿದ್ದಿದ್ದಾರೆ, ಅಲ್ಲೇ ಒಂದು ತಮಿಳರ ಮನೆಯಲ್ಲಿ ಮಲಗಿಸಿ ಬಂದಿದ್ದೇವೆ ಎಂದರು ಗಾಡಿಯವರು. ನಮ್ಮ ಚಿಕ್ಕಮಾವನವರು ಯೋಚಿಸಿ ಹೇಳಿದ್ದು ಇಷ್ಟು: ದಾರಿಯಲ್ಲಿ ಆನೆ ಕಾಟ, ಹೋದವರಿಗೂ ಜ್ವರ ಹಿಡಿಯುತ್ತದೆ, ವಾಸಿಯಾದ ಮೇಲೆ ಅವನೇ ಬರುತ್ತಾನೆ, ಕಾಯೋಣ.

ಅತ್ತೆ ಗಂಡನನ್ನು ಕಳೆದುಕೊಂಡವರು, ಇವರೊಬ್ಬರೇ ಮಗ. ಮೈದುನನ ಮಾತನ್ನು ಕೊನೆಯವರೆಗೂ ಕೇಳಿ, ರೊಟ್ಟಿ ತಟ್ಟಲು ಕೂತರು. ಬುತ್ತಿ ಕಟ್ಟಿದ ಮೇಲೆ, "ನೀವು ಕಾಯ್ರಪ್ಪ. ನಾನೂ ನನ್ ಸೊಸೇನೂ ಓಯ್ತೀವಿ" ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೆದರಿಕೆ ಎನ್ನುತ್ತಿದ್ದೆನೇನೋ.

ಕೊಳ್ಳೇಗಾಲದಿಂದ ಹನೂರಿಗೆ ಬಸ್ಸು ಸಿಕ್ಕಿತು. ಮುಂದೆ ಸಂತೆ ಮುಗಿಸಿ ಹೋಗುವವರ ಗಾಡಿ, ಗಾಡಿ ಬೇರೆ ದಾರಿಗೆ ತಿರುಗಿದ ಮೇಲೆ ಕಾಲುದಾರಿ. ಬಿದಿರ ಮೆಳೆಗಳ ನಡುವೆ ಹಸಿ ಆನೆಲದ್ದಿ ಕಂಡಾಗ ನನ್ನ ಕಾಲು ನಿಂತುಬಿಟ್ಟಿತು. ಅತ್ತೆ ನನ್ನ ಕೈ ಹಿಡಿದು ಎಳೆದುಕೊಂಡೇ ನಡೆದರು. ನಡೆಯುತ್ತಾ ಮಾದಪ್ಪನಿಗೆ ನೇರವಾಗಿ ಹೇಳಿದರು: ತಮಗೂ ಪುಕ್ಕಲು ಹತ್ತಿದೆ, ಧೈರ್ಯದ ನಾಟಕ ಆಡುವುದಿಲ್ಲ, ಆದರೆ ಹಿಂದಕ್ಕಂತೂ ತಿರುಗುವುದಿಲ್ಲ, ಆದ್ದರಿಂದ ಆನೆಗಳನ್ನು ಆಚೆಗೆ ಹೊಡೆದುಕೊಳ್ಳುವುದು ಅವನ ಕೆಲಸ. ಅವರಿಗೆ ಹೆದರಿಕೆಯಾಗುತ್ತದೆಂಬುದು ನನಗೆ ಗೊತ್ತಾದದ್ದು ಅವತ್ತೇ. ವಿಚಿತ್ರವೆಂದರೆ ಅದನ್ನು ಕೇಳಿದ ಮೇಲೆ ನನ್ನ ಹೆದರಿಕೆ ಅರ್ಧಕ್ಕಿಳಿಯಿತು.

ಇವರನ್ನು ಮಲಗಿಸಿದ್ದ ಮನೆಯಾಕೆ ಆರೋಗ್ಯಮ್ಮ, ಕ್ರಿಸ್ತರ ಮತದವಳು. ಅತ್ತೆಯಷ್ಟೇ ವಯಸ್ಸು, ಮಾತಿನಲ್ಲಿ ಅರ್ಧ ತಮಿಳು, ಅರ್ಧ ಕನ್ನಡ. ಯಾರ ಮಗನೋ ಏನೋ, ಅವನ ವಾಂತಿ ಬಳಿದು, ಬಟ್ಟೆ ಒಗೆದು, ಎಲ್ಲಿಂದಲೋ ಚಳಿಜ್ವರದ ಕೊಯಿನಾ ಗುಳಿಗೆ ತರಿಸಿ ನುಂಗಿಸಿದ್ದಳು. ಒಲೆಯ ಮೇಲೆ ನೆಲಬೇವು ಕುದಿಯುತ್ತಿತ್ತು. ಊರಿನಲ್ಲಿ ಅನ್ಯರ ಮನೆಯ ಹೊಸಿಲು ತುಳಿಯದ ನಮ್ಮತ್ತೆ ಒಳಗೆ ಹೋಗಿ, ಆಕೆ ಕೊಟ್ಟ ಚೊಂಬಿನಲ್ಲಿ ನೀರು ಕುಡಿದು, ಮಗನ ತಲೆಯ ಹತ್ತಿರ ಕೂತರು. ಆ ವಿಷಯ ಮುಂದೆ ಎಂದೂ ನಮ್ಮ ಮನೆಯಲ್ಲಿ ಚರ್ಚೆಗೆ ಬರಲಿಲ್ಲ. ಚರ್ಚಿಸುವ ಧೈರ್ಯ ಯಾರಿಗಿತ್ತು?

ಇವರ ಮೈ ಕಾದ ಹೆಂಚಾಗಿತ್ತು. ನಮ್ಮ ಗುರುತು ಹತ್ತಲಿಲ್ಲ. ನಾವು ಅಲ್ಲಿಗೆ ಬಂದ ಮೇಲೂ ಜ್ವರ ಏರುತ್ತಲೇ ಹೋಯಿತು. ಒಂದು ಮಧ್ಯಾಹ್ನ ಬಾಯಿಗೆ ಬಿಟ್ಟ ಕಷಾಯ ಒಳಗೆ ಇಳಿಯದೆ ತುಟಿಯಂಚಿನಿಂದ ಹರಿದು ಚಾಪೆಗೆ ಬಿತ್ತು. ಆರೋಗ್ಯಮ್ಮ ಲೋಟ ಕೆಳಗಿಟ್ಟು ಗೋಡೆಯ ಗೂಡಿನಲ್ಲಿದ್ದ ಮೇರಿಮಾತೆಯ ಪಟದ ಮುಂದೆ ಮಂಡಿಯೂರಿದಳು. "ತಾಯೇ, ನೀಯುಂ ಪೆತ್ತವದಾನೇ" ಎಂದಳು. ನೀನೂ ಹೆತ್ತವಳಲ್ಲವೇ ಎಂದು. ಅದನ್ನೇ ಮತ್ತೆ ಮತ್ತೆ, ಪ್ರತಿ ಸಲವೂ ಇನ್ನಷ್ಟು ಗಟ್ಟಿಯಾಗಿ. ಅತ್ತೆ ಹೊಸಿಲಿನ ಮೇಲೆ ನಿಂತು ಎದುರಿನ ಬೆಟ್ಟಕ್ಕೆ ಮುಖ ಮಾಡಿ, ಇವನನ್ನು ನಿನ್ನ ಹೆಸರಿಟ್ಟು ಬೆಳೆಸಿದ್ದೇನೆ, ಹೆಸರಿನ ಋಣವನ್ನಾದರೂ ನೆನೆಸಿಕೋ ಎಂದು ವಾದಿಸುತ್ತಿದ್ದರು. ನಾನು ಕಂಬ ಹಿಡಿದು ನಿಂತಿದ್ದೆ. ತಿಳಿದಿದ್ದ ಸ್ತೋತ್ರಗಳೆಲ್ಲ ಒಳಗೇ ಸುತ್ತುತ್ತಿದ್ದವು, ಒಂದಕ್ಕೂ ಆ ಚಾಪೆಯ ಸಂಬಂಧವಿರಲಿಲ್ಲ.

ಅತ್ತೆ ತಿರುಗಿ ನೋಡಿ, ಯಾಕೆ ಸುಮ್ಮನೆ ನಿಂತಿದ್ದೀಯೆ ಎಂದರು. ನನಗೆ ಕೇಳಲು ಬರುವುದಿಲ್ಲ ಎಂದೆ.

"ಸುಳ್ಳು ಯೇಳ್ಬೇಡ. ನಿನ್ನೊಟ್ಟೆ ಉರೀತಾ ಅದೆ, ನಾಲ್ಗೆ ಮಾತ್ರ ಮರ್ವಾದೆ ಮಾಡ್ತಾ ಕೂತದೆ. ಒಟ್ಟೇಲಿ ಇರೋದ್ನ ಯೇಳು. ಅವ್ನ ಯೆಸ್ರಿಡ್ದು ಕರ್ದು ಕೇಳು."

ನಾನು ಕಂಬ ಬಿಟ್ಟು ಚಾಪೆಯ ಹತ್ತಿರ ಬಂದೆ. ಆಮೇಲೆ ನನ್ನೊಳಗಿಂದ ನನಗೇ ಗುರುತಿಲ್ಲದ ಒಂದು ಗಂಟಲು ಹೊರಬಂತು.

"ಮಾದೇವಾ, ನಂಗೆ ಇವರು ಬೇಕು. ನಿನ್ನಿಷ್ಟ ಅಂತ ನಾನು ಹೇಳಲ್ಲ. ನನ್ನಿಷ್ಟ ಹೇಳ್ತಿದೀನಿ, ಕೇಳಿಸ್ಕೊ."

ಚಾಪೆಯ ಮೇಲಿಂದ "ಊಂ" ಎಂದು ಕ್ಷೀಣವಾಗಿ ಕೇಳಿಸಿತು. ಇವರ ರೆಪ್ಪೆ ಅಲುಗಿತು. ಹೆಂಡತಿಯ ಬಾಯಲ್ಲಿ ತಮ್ಮ ಹೆಸರು ಕೇಳಿದ್ದು ಅದೇ ಮೊದಲು, ಯಾರಾದರೂ ಎಚ್ಚರಗೊಳ್ಳಬೇಕಾದದ್ದೇ. ಆರೋಗ್ಯಮ್ಮ ಮಂಡಿಯ ಮೇಲೆಯೇ ಹೊರಳಿ ಬಂದು ಲೋಟ ಹಿಡಿದಳು. ಒಂದು ಗುಟುಕು ಒಳಗೆ ಇಳಿಯಿತು.

ಜ್ವರ ಒಮ್ಮೆಗೇ ಬಿಡಲಿಲ್ಲ. ವಾರಗಟ್ಟಲೆ ಬಂದು ಹೋಗಿ ಆಟವಾಡಿಸಿ, ಕೊನೆಗೆ ಸೋತಿತು. ಗುಳಿಗೆಯಿಂದಲೋ, ಕಷಾಯದಿಂದಲೋ, ಮೂವರು ಹೆಂಗಸರ ಗಲಾಟೆಯಿಂದಲೋ, ಯಾರು ಹೇಳಬೇಕು. ಕನ್ನಡದಲ್ಲಿ ನಾವು ಬೇಡುವುದಕ್ಕೂ ಕೇಳು ಎನ್ನುತ್ತೇವೆ, ದೇವರು ಕಿವಿಗೊಡುವುದಕ್ಕೂ ಕೇಳು ಎನ್ನುತ್ತೇವೆ. ಎರಡರ ನಡುವಿನ ಗಡಿ ಎಲ್ಲಿದೆ ಎಂದು ನಾನು ಹುಡುಕಲು ಹೋಗಿಲ್ಲ. ಆಮೇಲೆ ಇವರು, ಅವತ್ತು ಕೂಗಿದ್ದು ನನ್ನನ್ನೋ ಬೆಟ್ಟದವನನ್ನೋ ಎಂದು ಬಹಳ ವರ್ಷ ಕೆಣಕಿದರು.

ಹೀಗೆಂದ ಮಾತ್ರಕ್ಕೆ ಕೇಳಿದ್ದೆಲ್ಲ ಸಿಗುತ್ತದೆಂದು ತಿಳಿಯಬೇಡಿ. ತಲೆ ನೆರೆತ ಮೇಲೆ ಇವರು ಎದೆನೋವೆಂದು ಮಲಗಿದರು. ಆ ಹೊತ್ತಿಗೆ ಅತ್ತೆ ಇರಲಿಲ್ಲ, ನಾನೊಬ್ಬಳೇ ಕೇಳಿದೆ, ಅಷ್ಟೇ ಗಟ್ಟಿಯಾಗಿ. ಕೊಡಲಿಲ್ಲ. ಇವರನ್ನು ಮಣ್ಣು ಮಾಡಿ ಬಂದ ಮೇಲೆ ಬಹಳ ಕಾಲ ಮಾದಪ್ಪನ ಹತ್ತಿರ ಮಾತು ಬಿಟ್ಟೆ. ಮತ್ತೆ ಮಾತು ಶುರುವಾದದ್ದು ಜಗಳದಿಂದಲೇ: ನೀನು ಮಾಡಿದ್ದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ ಎಂದು ಹೇಳಿದೆ. ಅವನು ಅದನ್ನೂ ಕೇಳಿಸಿಕೊಂಡ. ಬಾಗಿಲು ಹಾಕಿಕೊಳ್ಳಲಿಲ್ಲ.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣವೂ ಇದೆ. ನನ್ನ ಕಿರಿಯ ಮಗಳಿಗೆ ನಾಳೆ ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್. ಸಣ್ಣದು ಎಂದು ಮಕ್ಕಳು ಹೇಳುತ್ತಾರೆ. ಹೇಳುವಾಗ ನನ್ನ ಮುಖ ನೋಡುವುದಿಲ್ಲ. ನಿನ್ನೆಯಿಂದ ನಾನು ದೇವರ ಕೋಣೆಯಲ್ಲಿ ಕೂತು, ಎಲ್ಲರಿಗೂ ಒಳ್ಳೆಯದು ಮಾಡಪ್ಪ, ನಿನ್ನ ಚಿತ್ತ, ಎಂದು ತುಟಿಯಲ್ಲೇ ಪಿಸುಗುಟ್ಟುತ್ತಿದ್ದೇನೆ. ಈ ವಯಸ್ಸಿನಲ್ಲಿ ಮತ್ತೆ ಮೇಷ್ಟರ ಮಗಳಾಗಿಬಿಟ್ಟಿದ್ದೇನೆ.

ಸಾಕು. ನೀವು ಸ್ವಲ್ಪ ಹೊತ್ತು ಈ ಜಗಲಿಯ ಮೇಲೆ ಕೂತಿರಿ. ನಾನು ಒಳಗೆ ಹೋಗಿ ಮಾತಾಡಿ ಬರುತ್ತೇನೆ. ದನಿ ಏರಿದರೆ ಗಾಬರಿಯಾಗಬೇಡಿ.