ಸುಯುನ್ ಬಳಸಿ ಹೋಗುತ್ತಿದ್ದ ಊರು

ನಾವು ಒಂಬತ್ತು ಜನ ಹೆಂಗಸರು ವೂಷಿಯ ಒಂದೇ ಹತ್ತಿ ಗಿರಣಿಯಲ್ಲಿ, ಒಂದೇ ಪಾಳಿಯಲ್ಲಿ ದುಡಿದವರು. ಗಿರಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ಆದರೂ ಪ್ರತಿ ವಸಂತದಲ್ಲಿ ಎರಡು ಮೂರು ದಿನ ಒಟ್ಟಿಗೆ ಎಲ್ಲಿಗಾದರೂ ಹೋಗಿಬರುವುದನ್ನು ನಾವು ಬಿಟ್ಟಿಲ್ಲ. ಎಲ್ಲಿಗೆ, ಯಾವತ್ತು ಅಂತ ಗೊತ್ತುಮಾಡುವವಳು ಚೆಂಗ್ ಸುಯುನ್.

ಸುಯುನ್‌ಗೆ ಈಗ ಅರವತ್ತೊಂಬತ್ತು. ಗಿಡ್ಡ ಆಳು, ಚುರುಕು ಕಾಲು, ಮಾತು ಕಡಿಮೆ. ವರ್ಷವನ್ನು ಇಪ್ಪತ್ನಾಲ್ಕು ಭಾಗ ಮಾಡಿದ ನಮ್ಮ ಹಳೇ ಪಂಚಾಂಗ ಅವಳಿಗೆ ಬಾಯಿಪಾಠ. ಅದು ನಮಗೂ ಬರುತ್ತದೆ ಅನ್ನಿ. ಆದರೆ ಅವಳು ಪಂಚಾಂಗವನ್ನು ನಂಬಿ ಸುಮ್ಮನೆ ಕೂರುವವಳಲ್ಲ. ಗುಡುಗಿಗೆ ನೆಲದೊಳಗಿನ ಹುಳ ಏಳುತ್ತದೆ ಅನ್ನುವ ದಿನ ನಿಜವಾಗಿ ಗುಡುಗಿತೋ ಇಲ್ಲವೋ, ಕಾಲುವೆ ದಂಡೆಯ ವಿಲೋ ಮರ ಯಾವತ್ತು ಚಿಗುರಿತು, ಹಗಲು ರಾತ್ರಿ ಸಮ ಆದ ಮೇಲೆ ಎಷ್ಟು ದಿನ ಚಳಿ ಉಳಿಯಿತು, ಎಲ್ಲವನ್ನೂ ಗೋಡೆ ಕ್ಯಾಲೆಂಡರಿನ ಹರಿದ ಹಾಳೆಗಳ ಹಿಂದೆ ಬರೆದಿಡುತ್ತಿದ್ದಳು. ಯಾವ ಊರಲ್ಲಿ ಯಾವ ಹೂ ಎಂದು ಬಿಡುತ್ತದೆ ಎಂದು ಅವಳು ಹೇಳಿದರೆ ಎರಡು ದಿನ ಆಚೀಚೆ, ಅಷ್ಟೆ. ನಾನ್‌ಜಿಂಗ್‌ನ ಪ್ಲಮ್ ಹೂವಿಗೆ ಹೋದಾಗಲೂ ಲುವೊಯಾಂಗ್‌ನ ಪಿಯೋನಿಗೆ ಹೋದಾಗಲೂ ಹಾಗೇ ಆಯಿತು. ನಮ್ಮ ಪೈಕಿ ಬಾಯಿಬಡುಕಿ ಷೆನ್ ಬಾವೊದಿ ಅವಳಿಗೆ 'ಹವಾಮಾನ ಇಲಾಖೆ' ಅಂತಲೇ ಹೆಸರಿಟ್ಟಿದ್ದಳು.

ಒಂದು ವಿಷಯದಲ್ಲಿ ಮಾತ್ರ ಈ ಇಲಾಖೆ ನಮ್ಮನ್ನು ಸತಾಯಿಸುತ್ತಿತ್ತು. ಹ್ವಾಂಗ್‌ಷಾನ್ ಆಚೆಯ ಬೆಟ್ಟಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೊಲ ಮಾಡಿ ಸಾಸಿವೆ ಬೆಳೆಯುತ್ತಾರೆ. ಹೂ ಬಿಟ್ಟಾಗ ಬೆಟ್ಟಕ್ಕೆ ಬೆಟ್ಟವೇ ಹಳದಿ, ನಡುವೆ ಬಿಳಿ ಗೋಡೆಯ ಊರುಗಳು. ಅದರ ಫೋಟೋ ನೋಡಿದಂದಿನಿಂದ ಬಾವೊದಿ ಅಲ್ಲಿಗೆ ಹೋಗೋಣ ಅಂತ ಹಠ ಹಿಡಿದಿದ್ದಳು. ಸುಯುನ್ ಪ್ರತಿ ವರ್ಷ ಏನಾದರೊಂದು ಹೇಳುತ್ತಿದ್ದಳು. ಒಂದು ವರ್ಷ ಮಂಜು, ಒಂದು ವರ್ಷ ಜನಜಂಗುಳಿ, ಇನ್ನೊಂದು ವರ್ಷ ರಸ್ತೆ ರಿಪೇರಿ. ಅವಳು ಹುಟ್ಟಿದ್ದು ಅದೇ ಸೀಮೆಯಲ್ಲಿ. ಹತ್ತೊಂಬತ್ತಕ್ಕೆ ಮದುವೆಯಾಗಿ ವೂಷಿಗೆ ಬಂದವಳು. ತವರಿನ ಕಡೆಯ ವಿಷಯ ಅವಳಿಗೇ ಚೆನ್ನಾಗಿ ಗೊತ್ತಿರಬೇಕು ಅಂದುಕೊಂಡು ನಾವು ಒಪ್ಪಿಕೊಳ್ಳುತ್ತಿದ್ದೆವು.

ಹೋದ ವರ್ಷ ಬಾವೊದಿ ಬಿಡಲಿಲ್ಲ. ಮಂಡಿಯ ಆಪರೇಷನ್ ಮಾಡಿಸಿಕೊಂಡು ಆರು ತಿಂಗಳು ಮನೆಯಲ್ಲಿ ಬಿದ್ದಿದ್ದವಳು.

"ಹೊಸಾ ಮಂಡಿ ಹಾಕಿಸ್ಕೊಂಡಿದೀನಿ ಕಣೇ ಸುಯುನ್. ಇದು ಹಳೇದಾಗೋದ್ರೊಳಗೆ ಆ ಬೆಟ್ಟ ತೋರಿಸ್ಬಿಡು. ಆಮೇಲೆ ಸತ್ರೂ ನಿನ್ನ ಸುದ್ದಿಗೆ ಬರಲ್ಲ" ಅಂದಳು.

ಎಲ್ಲರೂ ನಕ್ಕರು. ಸುಯುನ್ ನಗಲಿಲ್ಲ. ಆದರೆ ನೋಡೋಣ ಅಂದಳು. ವಾರದ ಮೇಲೆ ಒಪ್ಪಿ, ಮಾರ್ಚ್ ಕೊನೆಯ ವಾರ ಅಂತ ದಿನ ಗೊತ್ತುಮಾಡಿದಳು. ಸಮಾಧಿಗಳನ್ನು ಗುಡಿಸಿ ಪೂಜೆ ಮಾಡುವ ಛಿಂಗ್‌ಮಿಂಗ್‌ಗೆ ಮೊದಲೇ ಹೋಗಿಬಂದರೆ ನೂಕುನುಗ್ಗಲು ಇರುವುದಿಲ್ಲ ಅನ್ನುವುದು ಅವಳ ಲೆಕ್ಕ. ಎಲ್ಲಿ ಇಳಿಯಬೇಕು, ಯಾವ ದಾರಿಯಲ್ಲಿ ಹೋಗಬೇಕು ಅಂತ ನಕ್ಷೆಯನ್ನೂ ಬರೆದುಕೊಟ್ಟಳು. ಆ ದಾರಿ ಯುನ್‌ಕೆಂಗ್ ಅನ್ನುವ ಒಂದು ಊರನ್ನು ದೊಡ್ಡದಾಗಿ ಬಳಸಿಕೊಂಡು ಹೋಗುತ್ತಿತ್ತು ಅನ್ನುವುದು ನನಗೆ ಆಗ ತಿಳಿಯಲಿಲ್ಲ.

ಮಾರ್ಚ್ ಮೊದಲ ವಾರ ಹವೆ ತಿರುಗಿಬಿತ್ತು. ಬಿಸಿಲು ಬಂತು ಅಂತ ಹತ್ತಿಯ ಕೋಟು ಮಡಚಿಟ್ಟವರೆಲ್ಲ ಮತ್ತೆ ತೆಗೆಯಬೇಕಾಯಿತು. ಬೆಟ್ಟದ ಕಡೆ ಮೂರು ದಿನ ಹಿಮ ಬಿತ್ತಂತೆ. ಸುಯುನ್ ದಿನಾ ಫೋನಿನಲ್ಲಿ ಅಲ್ಲಿಯ ತಾಪಮಾನ ನೋಡುತ್ತ, ಹಳೇ ಹಾಳೆಗಳನ್ನು ತಿರುವುತ್ತ ಕೂತಳು. ನಾನು ಒಂದು ಸಂಜೆ ಅವಳ ಮನೆಗೆ ಹೋದಾಗ ಮೇಜಿನ ತುಂಬ ಹಾಳೆಗಳು ಹರಡಿದ್ದವು, ಅವಳ ಮುಖ ಬಾಡಿತ್ತು.

ಹೂ ಹತ್ತು ದಿನ ತಡ ಅಂದಳು. ಮಾರ್ಚ್ ಕೊನೆಗೆ ಹೋದರೆ ಬರೀ ಹಸಿರು ದಂಟು ನೋಡಿಕೊಂಡು ಬರಬೇಕು. ಸರಿಯಾಗಿ ಹೂ ಸಿಗಬೇಕಾದರೆ ಏಪ್ರಿಲ್ ಮೂರು, ನಾಲ್ಕು, ಐದು. ಅಂದರೆ ಛಿಂಗ್‌ಮಿಂಗ್ ದಿನವೇ.

ಹಾಗಾದರೆ ಆವತ್ತೇ ಹೋಗೋಣ, ಅದಕ್ಕೇನು ಅಂದೆ. ಅವಳು ಹಾಳೆಗಳನ್ನೆಲ್ಲ ಜೋಡಿಸಿ ಎತ್ತಿಟ್ಟಳು. ಹೂವಿನ ವಿಷಯದಲ್ಲಿ ಸುಳ್ಳು ಹೇಳಿ, ಮೊದಲು ಗೊತ್ತಾದ ದಿನವೇ ನಮ್ಮನ್ನು ಕರೆದುಕೊಂಡು ಹೋಗಿ, ಬಾವೊದಿಗೆ ಹಸಿರು ದಂಟು ತೋರಿಸಿ ತಂದುಬಿಡಬಹುದಿತ್ತು. ಹಾಗೆ ಮಾಡಲು ಅವಳ ಕೈಲಾಗಲಿಲ್ಲ. ಎಲ್ಲರಿಗೂ ಹೊಸ ದಿನ ತಿಳಿಸಿದಳು.

ಏಪ್ರಿಲ್ ಮೂರರ ಬೆಳಿಗ್ಗೆ ನಮಗೆ ಗೊತ್ತಿದ್ದ ಡ್ರೈವರ್ ಜು ಮೇಸ್ತ್ರಿಯ ಸಣ್ಣ ಬಸ್ಸಿನಲ್ಲಿ ಹೊರಟು, ಮಧ್ಯಾಹ್ನ ಕಳೆಯುವ ಹೊತ್ತಿಗೆ ಬೆಟ್ಟದ ಬುಡದ ಹೊಳೆ ದಂಡೆಯ ಊರಲ್ಲಿ ಇಳಿದುಕೊಂಡೆವು. ಮೋಡ ಕವಿದಿತ್ತು. ಸಂಜೆ ಊಟ ಮುಗಿಯುವಾಗ ಮಳೆ ಹಿಡಿಯಿತು. ಬಾವೊದಿ ಕೆಳಗೆ ಇಸ್ಪೀಟು ಹಾಕಿಸಿಕೊಂಡು ಕೂತಳು. ಸುಯುನ್ ಮತ್ತು ನಾನು ಇದ್ದ ಕೋಣೆಯ ಕಿಟಕಿಯಿಂದ ಹೊಳೆ ಕಾಣುತ್ತಿತ್ತು, ಇನ್ನೂ ಬೆಳಕಿತ್ತು. ಅವಳು ಕಿಟಕಿಯ ಹತ್ತಿರ ನಿಂತು, ಎಂಟು ಕಿಲೋಮೀಟರ್ ಮೇಲಕ್ಕೆ ಹೋದರೆ ತನ್ನ ಊರು ಯುನ್‌ಕೆಂಗ್ ಅಂದಳು.

ಆಮೇಲೆ ಉಳಿದದ್ದನ್ನೂ ಹೇಳಿದಳು. ಹತ್ತೊಂಬತ್ತು ವರ್ಷದ ಹಿಂದೆ, ಇದೇ ಕಾಲದಲ್ಲಿ, ಅವಳ ತಾಯಿಗೆ ಕಾಯಿಲೆ ಜೋರಾಯಿತು. ಅವಳ ಅಕ್ಕ ಲಾನ್ಯಿಂಗ್ ಅದೇ ಊರಿಗೆ ಮದುವೆಯಾಗಿದ್ದವಳು, ತಾಯಿಯನ್ನು ನೋಡಿಕೊಳ್ಳುತ್ತಿದ್ದಳು. ಬೇಗ ಬಾ ಅಂತ ಫೋನ್ ಮಾಡಿದಳು. ಸುಯುನ್ ಚೀಲ ಕಟ್ಟಿಕೊಂಡಳು. ಆದರೆ ಬೆಟ್ಟದಲ್ಲಿ ಭಾರಿ ಮಳೆ, ರಸ್ತೆ ಕುಸಿಯಬಹುದು ಅಂತ ರೇಡಿಯೋದಲ್ಲಿ ಹೇಳಿದರು. ಮೋಡ ನೋಡಿ, ಗಾಳಿ ನೋಡಿ, ಎರಡು ದಿನದಲ್ಲಿ ಹೊಳವಾಗುತ್ತದೆ ಅಂತ ಅವಳು ಲೆಕ್ಕ ಹಾಕಿದಳು. ಎರಡು ದಿನ ಕಾದಳು. ಹೊಳವೂ ಆಯಿತು. ಅವಳು ಊರು ಮುಟ್ಟುವಷ್ಟರಲ್ಲಿ ತಾಯಿ ತೀರಿಹೋಗಿ ಒಂದು ರಾತ್ರಿ ಕಳೆದಿತ್ತು. ರಸ್ತೆ ಕುಸಿದಿರಲಿಲ್ಲ, ಎರಡು ದಿನವೂ ಬಸ್ಸು ಓಡಾಡಿತ್ತು. ಮಳೆ ನಿಂತ ಮೇಲೆ ಬಂದೆಯಾ ಅಂತ ಅಕ್ಕ ಒಂದೇ ಒಂದು ಮಾತು ಕೇಳಿದಳಂತೆ. ಅದಾದ ಮೇಲೆ ಇಬ್ಬರ ನಡುವೆ ಮಾತಿಲ್ಲ, ಫೋನಿಲ್ಲ, ಹೋಗಿಬರುವುದಿಲ್ಲ.

ಪ್ರತಿ ಛಿಂಗ್‌ಮಿಂಗ್‌ಗೆ ಸುಯುನ್ ವೂಷಿಯ ಕಾಲುವೆ ಮೂಲೆಯಲ್ಲಿ ಸೀಮೆಸುಣ್ಣದಲ್ಲಿ ಸುತ್ತುಗೆರೆ ಎಳೆದು, ತವರಿನ ದಿಕ್ಕಾದ ನೈಋತ್ಯಕ್ಕೆ ಮುಖ ಮಾಡಿ ಕೂತು, ಸತ್ತವರಿಗೆಂದು ಕಾಗದ ಸುಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಊರು ದೂರ ಅಂತ ಹಾಗೆ ಮಾಡುತ್ತಾಳೆ ಅಂದುಕೊಂಡಿದ್ದೆ.

ನಾನು ಎದ್ದು ಕಿಟಕಿ ಮುಚ್ಚಿ ದೀಪ ಹಚ್ಚಿದೆ.

ಮರುದಿನ ನಾನು ಏಳುವಾಗ ಅವಳು ರಬ್ಬರ್ ಬೂಟು ಹಾಕಿಕೊಂಡು ಕೂತಿದ್ದಳು. ಹೊರಗೆ ಒಂದೇ ಸಮ ಮಳೆ. ಬೆಳಗಿನ ಗಂಜಿಗೆ ಎಲ್ಲರೂ ಸೇರಿದಾಗ, ಮಂಜು ಮಧ್ಯಾಹ್ನದ ತನಕ ಸರಿಯುವುದಿಲ್ಲ, ಅಲ್ಲಿಯ ತನಕ ಹಳೇ ಪೇಟೆ ಸುತ್ತಿ ಚಹಾ ಕೊಂಡುಕೊಳ್ಳಿ ಅಂತ ಅವಳು ಹೇಳಿದಳು. ತನಗೆ ಯುನ್‌ಕೆಂಗ್‌ನಲ್ಲಿ ತಾಯಿಯ ಸಮಾಧಿ ಇದೆ, ಹೋಗಿಬರುತ್ತೇನೆ ಅಂದಳು. ಬಾವೊದಿ ಚಮಚ ಕೆಳಗಿಟ್ಟಳು. ಈ ಬೆಟ್ಟದ ದಾರಿ ಇಷ್ಟು ವರ್ಷ ಯಾಕೆ ರಿಪೇರಿಯಲ್ಲೇ ಇತ್ತು ಅಂತ ಅವಳಿಗೆ ಅಲ್ಲೇ ಹೊಳೆದಿರಬೇಕು. ಏನೂ ಕೇಳದೆ, "ಟಾವೊ, ಒಬ್ಬಳನ್ನೇ ಕಳಿಸ್ಬೇಡ, ಜೊತೆಗೆ ಹೋಗು" ಅಂತ ನನಗೆ ಹೇಳಿದಳು.

ಹೋಟೆಲಿನವನ ಮೂರು ಚಕ್ರದ ಗಾಡಿಯಲ್ಲಿ ಹತ್ತಿದೆವು. ಊರ ಬಾಗಿಲಲ್ಲಿ ಇಳಿದು, ಮಡಚಿದ ಕಾಗದದ ಕಟ್ಟು ಕೊಳ್ಳಲು ಒಂದು ಅಂಗಡಿಗೆ ಹೋದೆವು. ಲಾನ್ಯಿಂಗ್ ಮನೆಯಲ್ಲಿದ್ದಾಳಾ ಅಂತ ಸುಯುನ್ ಕೇಳಿದಳು.

"ಲಾನ್ಯಿಂಗಜ್ಜಿನಾ? ಬೆಳಿಗ್ಗೆನೇ ಕುಡುಗೋಲು ಹಿಡ್ಕೊಂಡು ಮೇಲೆ ಹೋದ್ರು. ಮಗ ಅವರಪ್ಪನ ಕಡೆ ಸಮಾಧಿಗಳಿಗೆ ಹೋಗಿದಾನೆ. ನೀವ್ಯಾರು?" ಅಂದಳು ಅಂಗಡಿಯವಳು.

"ತಂಗಿ."

"ಅವರಿಗೆ ತಂಗಿ ಇದಾರಾ?"

ಆ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಅಂಗಡಿಯವಳು ಆ ಊರಿಗೆ ಸೊಸೆಯಾಗಿ ಬಂದು ಹತ್ತು ಹನ್ನೆರಡು ವರ್ಷವಾಗಿರಬಹುದು, ಅಷ್ಟೆ. ಆದರೆ ಸುಯುನ್ ಚಿಲ್ಲರೆ ಇಸಿದುಕೊಳ್ಳುವುದನ್ನೂ ಮರೆತು ಹೊರಗೆ ಬಂದಳು.

ಚಹಾ ಗಿಡಗಳ ನಡುವಿನ ಕಾಲುದಾರಿ ಜಾರುತ್ತಿತ್ತು. ಮಂಜಿನಲ್ಲಿ ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಸುಯುನ್ ಎರಡು ಸಲ ನಿಂತಳು. ಎರಡನೇ ಸಲ ನಿಂತಾಗ, ತಿರುಗಿ ಹೋಗಿಬಿಡುತ್ತಾಳೇನೋ ಅಂದುಕೊಂಡೆ. ಅವಳು ಬೂಟಿನ ಕೆಸರನ್ನು ಕಲ್ಲಿಗೆ ಒರೆಸಿ ಮತ್ತೆ ಹತ್ತಿದಳು.

ಮೇಲೆ ಒಬ್ಬ ಮುದುಕಿ, ತಲೆಗೆ ಬಿದಿರಿನ ಟೋಪಿ, ಸಮಾಧಿಯ ಸುತ್ತಲಿನ ಹುಲ್ಲು ಕುಯ್ದು ಮುಗಿಸಿ, ಬಿಳಿ ಕಾಗದದ ಪಟ್ಟಿಗಳನ್ನು ಬಿದಿರು ಕೋಲಿಗೆ ಕಟ್ಟುತ್ತಿದ್ದಳು. ಕಾಗದ ನೆನೆದು ಬೆರಳಿಗೆ ಅಂಟುತ್ತಿತ್ತು, ಕಟ್ಟಿದರೆ ಹರಿಯುತ್ತಿತ್ತು. ಹೆಜ್ಜೆ ಸದ್ದಿಗೆ ತಲೆಯೆತ್ತಿದಳು. ಎಪ್ಪತ್ತಾರು ವರ್ಷದ ಆ ಮುಖದಲ್ಲಿ ಸುಯುನ್‌ದೇ ಗಲ್ಲ, ಸುಯುನ್‌ದೇ ಸಣ್ಣ ಕಣ್ಣು. ನನ್ನನ್ನು ನೋಡಿದಳು, ತಂಗಿಯನ್ನು ನೋಡಿದಳು.

"ಕೊಡೆ ಇಲ್ಲಿ ಹಿಡಿ. ಕಾಗದ ನೆನೀತಾ ಇದೆ" ಅಂದಳು.

ಸುಯುನ್ ಹೋಗಿ ಕೊಡೆ ಹಿಡಿದಳು. ಅವಳ ಬೆನ್ನು ಪೂರಾ ನೆನೆಯಿತು. ಇಬ್ಬರೂ ಸೇರಿ ಪಟ್ಟಿ ಕಟ್ಟಿದರು, ಕೋಲನ್ನು ಸಮಾಧಿಯ ನೆತ್ತಿಗೆ ನೆಟ್ಟರು, ಅನ್ನ, ಹಂದಿ ಮಾಂಸದ ತುಂಡು, ಮೂರು ಬಟ್ಟಲು ಮದ್ಯ ಇಟ್ಟರು. ಕಾಗದ ಹೊತ್ತಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಮಂಡಿಯೂರಿ ನೆಲಕ್ಕೆ ಹಣೆ ಮುಟ್ಟಿಸಿದ ಸುಯುನ್ ಏಳಲೇ ಇಲ್ಲ. ಅಲ್ಲಿಂದಲೇ, ಆವತ್ತು ತಾನು ಬರಬೇಕಿತ್ತು, ಬಸ್ಸು ಓಡುತ್ತಿತ್ತು, ತಾನು ಬರಬೇಕಿತ್ತು ಅಂತ ಹೇಳತೊಡಗಿದಳು. ತಾಯಿಗೆ ಹೇಳಿದಳೋ ಅಕ್ಕನಿಗೋ ಗೊತ್ತಿಲ್ಲ.

ಲಾನ್ಯಿಂಗ್ ಕುಡುಗೋಲಿನ ಹಿಡಿಯನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಯಿಂದ ಒರೆಸುತ್ತ ನಿಂತಿದ್ದಳು.

"ಏಳು. ನಿಂಗೆ ಒಂದು ಮಾತು ಹೇಳಿಲ್ಲ ನಾನು" ಅಂದಳು. "ಕೊನೇ ದಿನ ಬೆಳಿಗ್ಗೆ ಅಮ್ಮ ಕಣ್ಬಿಟ್ಟು, ಮಳೆ ಬರ್ತಿದ್ಯಾ ಅಂತ ಕೇಳಿದ್ಲು. ಹೂಂ ಅಂದೆ. ಹಾಗಾದ್ರೆ ಹುಡುಗಿಗೆ ಬರೋದು ಬೇಡ ಅನ್ನು, ದಾರಿ ಜಾರುತ್ತೆ ಅಂದ್ಲು."

ಸುಯುನ್ ಎದ್ದು ಕೂತಳು.

"ಹೆಸರು ಹೇಳಲಿಲ್ಲ ಅವಳು. ಜ್ವರದಲ್ಲಿ ಯಾರನ್ನ ನೆನೆಸ್ಕೊಂಡ್ಲೋ. ಆದ್ರೆ ನಾನು ಪಕ್ಕದಲ್ಲೇ ಇದ್ನಲ್ಲ, ಬರಬೇಕಾದೋಳು ನೀನೊಬ್ಳೇ. ನನಗೆ ಕೋಪ ಇತ್ತು, ಹೇಳಲಿಲ್ಲ. ಒಂದು ವರ್ಷ ಹೇಳಲಿಲ್ಲ, ಎರಡು ವರ್ಷ ಹೇಳಲಿಲ್ಲ. ಆಮೇಲೆ ಯಾವ ಮುಖ ಇಟ್ಕೊಂಡು ಹೇಳೋದು?"

ಇಬ್ಬರೂ ಅತ್ತರು. ಹೆಚ್ಚು ಹೊತ್ತೇನಲ್ಲ, ಮಳೆಯಲ್ಲಿ ಕೂತು ಅಳುವ ವಯಸ್ಸೂ ಅವರದಲ್ಲ. ಲಾನ್ಯಿಂಗ್ ಮೊದಲು ಮೂಗು ಒರೆಸಿಕೊಂಡು, ನಾನು ಯಾರು ಅಂತ ಕೇಳಿದಳು. ಗಿರಣಿಯ ಗೆಳತಿ, ಒಟ್ಟು ಒಂಬತ್ತು ಜನ ಬಂದಿದ್ದೇವೆ ಅಂದೆ. ಉಳಿದವರನ್ನೆಲ್ಲ ಹೋಟೆಲಿನಲ್ಲಿ ಕೂರಿಸಿ ಬಂದೆಯಾ ಅಂತ ತಂಗಿಯನ್ನು ಬೈಯಲು ಶುರುಮಾಡಿದಳು. ಆ ಬೈಗುಳಕ್ಕೆ ಸುಯುನ್ ಭುಜ ಇಳಿದದ್ದು ನನಗೆ ಕಂಡಿತು. ಗಿರಣಿ ಮುಚ್ಚಿದ ಮೇಲಿನ ಇಷ್ಟು ವರ್ಷವೂ ಅವಳ ಜೊತೆ ತಿರುಗಿದವಳು ನಾನು. ಅವಳ ಭುಜ ಯಾವಾಗಲೂ ಕಿವಿಯ ಹತ್ತಿರ ಇರುತ್ತಿತ್ತು. ಅದು ವಯಸ್ಸಿನ ಬಿಗಿ ಅಂದುಕೊಂಡಿದ್ದೆ.

ನಾನೇ ಫೋನ್ ಮಾಡಿದೆ. ಹನ್ನೊಂದು ಗಂಟೆಗೆ ಜು ಮೇಸ್ತ್ರಿ ಎಲ್ಲರನ್ನೂ ತಂದು ಊರ ಬಾಗಿಲಲ್ಲಿ ಇಳಿಸಿದ. ಲಾನ್ಯಿಂಗ್ ಮನೆಯ ಒಲೆಯ ಮೇಲೆ ಹಬೆಯ ಬುಟ್ಟಿಗಳು ಒಂದರ ಮೇಲೊಂದು ನಿಂತಿದ್ದವು. ದವನದಂಥ ಕಾಡುಸೊಪ್ಪು ಅರೆದು ಅಕ್ಕಿಹಿಟ್ಟಿಗೆ ಕಲಸಿ, ಒಳಗೆ ಎಳೆ ಬಿದಿರು, ಉಪ್ಪಿನಲ್ಲಿ ಹಾಕಿಟ್ಟ ಸೊಪ್ಪು, ತೋಫು ತುಂಬಿದ ಹಸಿರು ಕಡುಬು. ನಮ್ಮ ವೂಷಿಯಲ್ಲಿ ಇದಕ್ಕೆ ಸಿಹಿ ಹೂರಣ. ಖಾರದ ಹಸಿರು ಕಡುಬು ಎಲ್ಲಾದರೂ ಉಂಟಾ ಅಂತ ಮೂಗು ಮುರಿದ ಬಾವೊದಿ ಏಳು ತಿಂದಳು.

"ಅಕ್ಕಾ, ನಿಮ್ಮ ತಂಗಿ ನಮಗೆ ಎಷ್ಟು ವರ್ಷದಿಂದ ಸುಳ್ಳು ಹೇಳಿದಾಳೆ ಗೊತ್ತಾ? ರಸ್ತೆ ಇಲ್ಲ, ಮಂಜು ಬಿಡಲ್ಲ, ಜನ ತುಳಿದು ಹಾಕ್ತಾರೆ ಅಂತ" ಅಂದಳು ಬಾವೊದಿ.

"ಮಂಜು ನಿಜ" ಅಂದಳು ಲಾನ್ಯಿಂಗ್. "ಹೊರಗೆ ನೋಡಿ."

ಮಧ್ಯಾಹ್ನ ಸರಿಯುತ್ತದೆ ಅಂತ ಸುಯುನ್ ಹೇಳಿದ್ದ ಮಂಜು ಸಂಜೆಯ ತನಕ ಸರಿಯಲಿಲ್ಲ. ಅವಳ ಲೆಕ್ಕ ಇಷ್ಟು ತಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅವಳು ಕಿಟಕಿಯ ಕಡೆ ತಿರುಗಿಯೂ ನೋಡದೆ ಅಕ್ಕನ ಜೊತೆ ಕೂತು ಬಿದಿರು ಸುಲಿಯುತ್ತಿದ್ದಳು. ಬೆಟ್ಟದ ಹೂ ನಮಗೆ ಸಿಕ್ಕಿದ್ದು ಮೂರನೇ ದಿನ ಬೆಳಿಗ್ಗೆ, ಹೊರಡುವ ಮೊದಲಿನ ಎರಡು ಗಂಟೆ. ತೊಳೆದ ಹಾಗಿದ್ದ ಆಕಾಶದ ಕೆಳಗೆ ಅಷ್ಟೂ ಮೆಟ್ಟಿಲು ಹಳದಿ. ಕೆಳಗಿನ ಕೆಲವು ಹೊಲಗಳಲ್ಲಿ ಮಳೆಗೆ ಗಿಡ ಮಲಗಿತ್ತು. ಬಾವೊದಿ ಹೊಸ ಮಂಡಿ ಹಿಡಿದುಕೊಂಡು ತುದಿಯ ತನಕ ಹತ್ತಿ, ಇನ್ನೂರು ಫೋಟೋ ತೆಗೆಸಿಕೊಂಡಳು.

ವಾಪಸು ಬರುವಾಗ ಸುಯುನ್ ಬಸ್ಸು ಬೆಟ್ಟ ಇಳಿಯುವ ಮೊದಲೇ ನಿದ್ದೆ ಹೋದಳು. ಬಾಯಿ ತೆರೆದಿತ್ತು, ಸಣ್ಣಗೆ ಗೊರಕೆ. ಮಧ್ಯೆ ಊಟಕ್ಕೆ ನಿಲ್ಲಿಸಿದಾಗಲೂ ಏಳಲಿಲ್ಲ. ಎಬ್ಬಿಸಬೇಡಿ ಅಂತ ಬಾವೊದಿಯೇ ಎಲ್ಲರನ್ನೂ ಗದರಿದಳು.

ಈಗ ವಾರಕ್ಕೆ ಎರಡು ಸಲ ಲಾನ್ಯಿಂಗ್ ಫೋನ್ ಮಾಡುತ್ತಾಳೆ. ಮಾತೆಲ್ಲ ಗದರಿಕೆಯೇ. ಕಳಿಸಿದ ಚಹಾ ಎಲೆಯನ್ನು ಡಬ್ಬಿಯಲ್ಲಿಟ್ಟೆಯಾ ಇಲ್ಲವಾ, ಕಾಲುನೋವಿಗೆ ಏನು ಹಚ್ಚುತ್ತೀ, ವೂಷಿಯವರ ಅಡುಗೆಗೆ ಅಷ್ಟೊಂದು ಸಕ್ಕರೆ ಯಾಕೆ. ಸುಯುನ್ ಹೂಂ ಹೂಂ ಅನ್ನುತ್ತ ಕೇಳಿಸಿಕೊಳ್ಳುತ್ತಾಳೆ. ಮೊನ್ನೆ ನಾನು ಹೋದಾಗ, ಬಟ್ಟೆ ಒಣಗಿಸುತ್ತ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ತನಗೆ ಅರವತ್ತೊಂಬತ್ತಾಯಿತು, ಚಹಾ ಎಲೆ ಇಡುವುದು ಗೊತ್ತಿದೆ ಅಂತ ಅಕ್ಕನಿಗೆ ಎದುರು ಮಾತಾಡುತ್ತಿದ್ದಳು.