ಸೋಪಿನ ಡಬ್ಬಿಯಲ್ಲಿದ್ದ ಬ್ರಷ್

೧೯೭೪ರಲ್ಲಿ ನಾನು ರಾಜಾಜಿನಗರದಲ್ಲಿ ಹೊಸದಾಗಿ ದಂತವೈದ್ಯೆಯಾಗಿ ಕೆಲಸ ಆರಂಭಿಸಿದ್ದೆ. ಮನೆಯೊಂದರ ಮುಂದಿನ ಕೋಣೆಯೇ ನನ್ನ ಕ್ಲಿನಿಕ್. ಗೋಡೆಯಾಚೆ ಮನೆಯೊಡತಿ ಶಾಂತಮ್ಮನವರ ಸಂಸಾರ. ಅವರಿಗೆ ಸಿಟ್ಟು ಬಂದರೆ ನಾನು ಕುರ್ಚಿ ಸಮೇತ ಬೀದಿಗೆ ಬೀಳಬೇಕಿತ್ತು. ಹಲ್ಲಿನ ಡಾಕ್ಟರ ಕುರ್ಚಿ ಹೊರುವುದು ಹುಡುಗಾಟವಲ್ಲ.

ಒಂದು ಬೆಳಿಗ್ಗೆ ಅವರು ಸೊಸೆ ಗಿರಿಜೆಯನ್ನು ಕರೆತಂದರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ವಸಡು ಊದಿಕೊಂಡಿತ್ತು, ಮುಟ್ಟಿದರೆ ರಕ್ತ, ಬಾಯಿ ವಾಸನೆ ಬೇರೆ. ಇದಕ್ಕೆ ಜಿಂಜಿವೈಟಿಸ್ ಎನ್ನುತ್ತೇವೆ, ಅಂದರೆ ವಸಡಿನ ಉರಿಯೂತ. ಹಲ್ಲಿನ ಬುಡದ ಕೊಳೆ ತೆಗೆದು ಶುಚಿಯಾಗಿಟ್ಟುಕೊಂಡರೆ ವಾಸಿಯಾಗುತ್ತದೆ. ಆದರೆ ಶಾಂತಮ್ಮನವರಿಗೆ ಬೇಕಾಗಿದ್ದು ಚಿಕಿತ್ಸೆಯಲ್ಲ.

“ಮದುವೇಗ್ ಮುಂಚೆಯಿಂದಾನೂ ಇದ್ದ ಕಾಯಿಲೆ ಅಂತ ಒಂದು ಚೀಟಿ ಬರ್ಕೊಡಿ ಡಾಕ್ಟ್ರಮ್ಮ. ತೌರಿಗೆ ಕಳಿಸಿಬಿಡ್ತೀವಿ. ನನ್ನ ಮಗನಿಗೆ ಪಕ್ಕದಲ್ಲಿ ಕೂರಕ್ಕೂ ಆಗ್ತಾ ಇಲ್ಲ.”

ಗಿರಿಜೆ ಬಾಯಿ ತೆರೆದುಕೊಂಡೇ ಕುರ್ಚಿಯಲ್ಲಿದ್ದಳು. ಕಣ್ಣೀರು ಕಿವಿಯತ್ತ ಇಳಿಯಿತು. ಬರೆದರೆ ಅವಳ ಬಾಳು ಹೋಗುತ್ತಿತ್ತು, ಬರೆಯದಿದ್ದರೆ ನನ್ನ ಕ್ಲಿನಿಕ್. ನನಗೆ ನಿಜಕ್ಕೂ ಭಯವಾಯಿತು. ಹೊತ್ತು ತಳ್ಳಲೆಂದು, “ನೀನು ಹಲ್ಲುಜ್ಜೋ ಬ್ರಷ್ ತಗೊಂಡು ಬಾಮ್ಮ,” ಎಂದೆ.

ಅವಳು ತಂದಿದ್ದು ಸೋಪಿನ ಡಬ್ಬಿ. ಮನೆಯಲ್ಲಿ ಉಳಿದವರೆಲ್ಲ ಹಲ್ಲುಪುಡಿ ಹಾಕಿ ಬೆರಳಲ್ಲಿ ಉಜ್ಜುವವರು, ಬ್ರಷ್ ಇವಳೊಬ್ಬಳದೇ. ಬಾಯಿಗೆ ಹೋದದ್ದು ಎಂಜಲು, ಅದು ಯಾರ ಕಣ್ಣಿಗೂ ಬೀಳಬಾರದೆಂದು ಅತ್ತೆಯ ಕಟ್ಟಪ್ಪಣೆ. ಹಾಗಾಗಿ ಒದ್ದೆ ಬ್ರಷ್ ಡಬ್ಬಿಯೊಳಗೆ, ಡಬ್ಬಿ ಬಚ್ಚಲಿನ ಹಂಡೆಯ ಹಿಂದೆ. ಮುಚ್ಚಳ ತೆಗೆದೆ. ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು, ಎಳೆಗಳ ಬುಡ ಕಪ್ಪಾಗಿತ್ತು.

“ಬಾಯಿಗಿಟ್ರೆ ವಾಂತಿ ಬರೋ ಹಾಗಾಗತ್ತೆ. ಸುಮ್ನೆ ಎರಡು ಸಲ ಆಡಿಸಿ ಇಟ್ಬಿಡ್ತೀನಿ,” ಎಂದಳು ಗಿರಿಜೆ.

ಡಬ್ಬಿಯನ್ನು ಶಾಂತಮ್ಮನವರ ಮುಂದೆ ಹಿಡಿದೆ. “ಎಂಜಲನ್ನ ಮುಚ್ಚಿಡದೆ ಮೆರವಣಿಗೆ ಮಾಡ್ಬೇಕಾ?” ಎಂದು ಮೂಗು ಮುಚ್ಚಿಕೊಂಡರು. ಅವರ ಕೈಯ ಉಪ್ಪಿನಕಾಯಿ ಬೀದಿಗೆಲ್ಲ ಹೆಸರುವಾಸಿ. ಅದು ನೆನಪಾಗಿ ಕೇಳಿದೆ:

“ಅಮ್ಮ, ಒದ್ದೆ ಸೌಟನ್ನ ಉಪ್ಪಿನಕಾಯಿ ಜಾಡಿಗೆ ಹಾಕಿ ಮುಚ್ಚಿಡ್ತೀರಾ?”

“ಬೂಷ್ಟು ಹಿಡಿಯಲ್ವಾ...” ಎಂದವರು ಅಲ್ಲಿಗೇ ನಿಲ್ಲಿಸಿದರು.

“ಚೀಟಿ ಬರೆಯಲ್ಲಮ್ಮ. ಸ್ವಲ್ಪ ದಿನ ಕೊಡಿ, ವಾಸಿ ಮಾಡ್ತೀನಿ,” ಎಂದೆ. ಅವರು ಎದ್ದು ಒಳಗೆ ಹೋದರು.

ಗಿರಿಜೆಯ ಹಲ್ಲು ಶುಚಿ ಮಾಡಿ ಹೊಸ ಬ್ರಷ್ ಕೊಟ್ಟೆ. ಉಜ್ಜಿದ ಮೇಲೆ ಚೆನ್ನಾಗಿ ತೊಳೆದು, ನೀರು ಕೊಡವಿ, ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಗಾಳಿಗೆ ಒಣಗಲು ಬಿಡು ಎಂದೆ. ಆಮೇಲಿನ ದಿನಗಳಲ್ಲಿ ಗೋಡೆಯಾಚೆ ಹೆಜ್ಜೆ ಸಪ್ಪಳವಾದರೂ ಕೋಣೆ ಖಾಲಿ ಮಾಡಿಸಲು ಬಂದರೆಂದೇ ಬಾಗಿಲ ಕಡೆ ನೋಡುತ್ತಿದ್ದೆ.

ವಸಡು ವಾಸಿಯಾಯಿತು. ಅದನ್ನು ಹೇಳಲು ಮಹಡಿ ಹತ್ತಿದೆ. ಬಿಸಿಲಿಗೆ ಹರವಿದ ಸಂಡಿಗೆಯ ಪಕ್ಕದಲ್ಲಿ ಲೋಟ, ಲೋಟದಲ್ಲಿ ಬ್ರಷ್, ಕೋಲು ಹಿಡಿದು ಕಾಗೆ ಓಡಿಸುತ್ತ ಶಾಂತಮ್ಮನವರು. “ಕಾಗೆ ಕಚ್ಕೊಂಡ್ ಹೋದ್ರೆ ಮತ್ತೆ ನಿಮ್ ಹತ್ರಾನೇ ಬರ್ಬೇಕಲ್ಲ,” ಎಂದು ಗೊಣಗಿದರು. ಚೀಟಿಯ ಮಾತು ಮತ್ತೆಂದೂ ಬರಲಿಲ್ಲ.

ಇಳಿಯುವಾಗ ಗಿರಿಜೆ ಮೆಟ್ಟಿಲಲ್ಲಿ ಸಿಕ್ಕಳು. “ಈ ಮನೇಲಿ ನಂದು ಅಂತ ಹೊರಗಿಟ್ಟಿರೋದು ಅದೊಂದೇ ಡಾಕ್ಟ್ರೇ,” ಎಂದಳು ಮೆಲ್ಲಗೆ.

ಅಂದಿನಿಂದ ಬಾಯಿ ನೋಡುವ ಮೊದಲು ಬ್ರಷ್ ಎಲ್ಲಿಡುತ್ತೀರಿ ಎಂದು ಕೇಳುತ್ತಾ ಬಂದೆ. ಹೊಸ ಸೊಸೆಯನ್ನು ಕೇಳುವಾಗ ಮಾತ್ರ ಅತ್ತೆಯನ್ನು ಹೊರಗೆ ಕೂರಿಸುತ್ತಿದ್ದೆ.